ಮೈನಸ್ ಎರಡರ ಮೇಲೆ ಗುಲಾಬಿ

೩ ಜುಲೈ ೨೦೦೬, ಸೋಮವಾರ

ಇಪ್ಪತ್ಮೂರು ವರ್ಷ ಗಣಿತ ಹೇಳಿದ ಮೇಲೆ ಇವತ್ತು ನನಗೆ ಪಾಠ ಮಾಡುವುದು ಹೇಗೆಂದು ಪಾಠವಾಯಿತು. ಮಾಡಿದವಳು ಸುಪ್ರಿಯಾ. ಭಟ್ಕಳದ ಹುಡುಗಿ, ನಮ್ಮ ವಿಭಾಗಕ್ಕೆ ಸೇರಿ ಎರಡು ವರ್ಷವೂ ಆಗಿಲ್ಲ. ಮೈಸೂರಿನಲ್ಲಿ ಮೂರು ವಾರದ ತರಬೇತಿಗೆ ಹೋದವಳು, ಬರುವಾಗ ಮೈಸೂರು ಪಾಕಾದರೂ ತರಬಹುದಿತ್ತು, ಇದನ್ನು ಕಟ್ಟಿಕೊಂಡು ಬಂದಿದ್ದಾಳೆ. ಸಂಗತಿ ಇಷ್ಟು. ಪಾಠವನ್ನು ಹುಡುಗರು ಮನೆಯಲ್ಲಿ ಟಿ.ವಿ. ಮುಂದೆ ಕೂತು ಕೇಳುವುದಂತೆ. ಮನೆಯಲ್ಲಿ ಮಾಡಬೇಕಾದ ಲೆಕ್ಕವನ್ನು ಕ್ಲಾಸಿಗೆ ಬಂದು ಮಾಡುವುದಂತೆ. ಮೇಷ್ಟ್ರು ಬೆಂಚುಗಳ ನಡುವೆ ಓಡಾಡುತ್ತ ಕೇಳಿದವರಿಗೆ ಕೇಳಿದಷ್ಟು ಹೇಳಿಕೊಡುವುದಂತೆ. ಒಟ್ಟಿನಲ್ಲಿ ಹೋಟೆಲ್ ಮಾಣಿಯ ಕೆಲಸ.

“ಉಲ್ಟಾ ಕ್ಲಾಸು ಅನ್ನಿ ಮೇಡಂ,” ಅಂದೆ ಸ್ಟಾಫ್ ರೂಮಿನಲ್ಲಿ. ಎಲ್ಲರೂ ನಕ್ಕರು. ಅವಳೂ ನಕ್ಕು “ಹೌದು ಸರ್, ಅದೇ” ಅಂದಳು. ಇಂಥವರನ್ನು ಹಂಗಿಸಿಯೂ ಪ್ರಯೋಜನವಿಲ್ಲ.

ಪ್ರಿನ್ಸಿಪಾಲರಿಗೆ ಇದು ಅಮೃತವಾಗಿ ಕಂಡಿದೆ. ಸೆಪ್ಟೆಂಬರಿನಲ್ಲಿ ಕಾಲೇಜಿಗೆ ಗ್ರೇಡ್ ಕೊಡಲು ನ್ಯಾಕ್ ತಂಡ ಬರುತ್ತದೆ, ತೋರಿಸಲು ಏನಾದರೂ ಹೊಸದು ಬೇಕು. “ನಾಯಕರೇ, ನಿಮ್ಮ ಪಾಠವನ್ನೇ ಕ್ಯಾಮರಾದಲ್ಲಿ ಹಿಡಿಯುವಾ. ಜಿಲ್ಲೆಯಲ್ಲಿ ನಿಮ್ಮಂತೆ ಹೇಳುವವರು ಇನ್ಯಾರಿದ್ದಾರೆ?” ಎಂದರು. ಗಾಳ ಎಂದು ಗೊತ್ತಿದ್ದೂ ಕಚ್ಚಿದೆ. ಬೋರ್ಡಿನ ಮೇಲೆ ಒಂದು ತಪ್ಪೂ ಬರೆದವನಲ್ಲ ಈ ಗುರುದತ್ತ ನಾಯಕ, ಹೊನ್ನಾವರದಲ್ಲಿ ಯಾರನ್ನು ಬೇಕಾದರೂ ಕೇಳಿ. ನನ್ನ ಖಾಕಿ ರಟ್ಟಿನ ನೋಟ್ಸಿನಲ್ಲಿ ೧೯೮೩ರಿಂದ ಒಂದು ಅಕ್ಷರವೂ ಬದಲಾಗಿಲ್ಲ. ಆ ಹೆಸರು ಸಿ.ಡಿ.ಯಲ್ಲೂ ಉಳಿಯಲಿ.

ಸಂಜೆ ಕುಮಟಾ ಬಸ್ಸಿನಲ್ಲಿ ಕಂಡಕ್ಟರ್ ವೆಂಕಟ ಎಂದಿನಂತೆ “ಬನ್ನಿ ಸರ್” ಎಂದು ಯಾರನ್ನೋ ಎಬ್ಬಿಸಿ ಸೀಟು ಕೊಟ್ಟ. ಇವನೂ ನನ್ನ ಶಿಷ್ಯನೇ. ಎಂಬತ್ತೊಂಬತ್ತರಲ್ಲಿ ಬಿ.ಎಸ್ಸಿ. ಎರಡನೇ ವರ್ಷದ ಮಧ್ಯದಲ್ಲೇ ಕಾಲೇಜು ಬಿಟ್ಟವ. ಇವನ ಕಥೆಯನ್ನು ಪ್ರತಿ ಬ್ಯಾಚಿಗೂ ಹೇಳಿ ನಗಿಸುತ್ತೇನೆ. ಟೆಸ್ಟಿನಲ್ಲಿ ಒಂದು ಲೆಕ್ಕಕ್ಕೆ ಮಹಾಶಯ ‘ಉತ್ತರ ಇಲ್ಲ’ ಎಂದು ಬರೆದಿದ್ದ. ನಾನು ಪಕ್ಕದಲ್ಲೇ ಕೆಂಪು ಶಾಯಿಯಲ್ಲಿ ‘ಅಂಕವೂ ಇಲ್ಲ’ ಎಂದು ಬರೆದೆ. ಟಿಕೆಟ್ ಹರಿಯುವುದಕ್ಕೆ ಅಷ್ಟು ಗಣಿತ ಸಾಕು.

೧೧ ಜುಲೈ, ಮಂಗಳವಾರ

ಇವತ್ತು ಶೂಟಿಂಗ್. ಕ್ಯಾಮರಾ ಹಿಡಿದವನು ದೇವರಾಜ, ಮದುವೆ ವಿಡಿಯೋ ತೆಗೆಯುವವ. ಅವನಿಗೆ ಗಣಿತವೂ ಒಂದೇ, ಧಾರೆಯೂ ಒಂದೇ. ಕರ್ಚೀಫು ಕೊಟ್ಟು ಮುಖ ಒರೆಸಿಸಿದ, ಪೌಡರ್ ಹಚ್ಚಿಸಿದ. “ಸ್ವಲ್ಪ ನಗಿ ಸರ್. ಮದ್ಮಗ ಕೂಡ ಇಷ್ಟು ಬಿಗೀತಿಲ್ಲ” ಎಂದ. ಗೆರೆಯ ಕೆಳಗಿನ ವಿಸ್ತೀರ್ಣ ಅಳೆಯುವ ಸಮಾಕಲನ ಹೇಳುವಾಗ ಯಾವ ಮನುಷ್ಯ ನಗುತ್ತಾನೆ?

ಗದ್ದಲ ಬೇಡವೆಂದು ಹುಡುಗರನ್ನೆಲ್ಲ ಹೊರಗೆ ಹಾಕಿದ್ದರು. ಖಾಲಿ ಬೆಂಚುಗಳಿಗೆ ಮೂರು ತಾಸು ಪಾಠ ಹೇಳಿದೆ. ದೊಡ್ಡ ವ್ಯತ್ಯಾಸವೇನೂ ಅನಿಸಲಿಲ್ಲ.

೧೭ ಜುಲೈ, ಸೋಮವಾರ

ಸಿ.ಡಿ. ಬಂತು. ನನ್ನ ಹಣೆಬರಹವೂ ಬಂತು.

ಮೊದಲು ಶಹನಾಯಿ. ಆಮೇಲೆ ಹೃದಯದ ಆಕಾರದ ಚೌಕಟ್ಟಿನೊಳಗೆ ನನ್ನ ಮುಖ ಅರಳುತ್ತದೆ. ಒಂದು ಲೆಕ್ಕ ಮುಗಿದು ಇನ್ನೊಂದು ಶುರುವಾಗುವಾಗ ಗುಲಾಬಿ ಹೂವಿನ ಮಳೆ. ಕೇಳಿದರೆ ದೇವರಾಜ, “ಎಫೆಕ್ಟ್ ಹಾಕ್ದೆ ಇದ್ರೆ ಜನ ನೋಡೂದಿಲ್ಲ ಸರ್” ಎನ್ನುತ್ತಾನೆ. ಮೂವತ್ನಾಲ್ಕು ಪ್ರತಿ ಆಗಲೇ ಹಂಚಿಯಾಗಿದೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟವನು ನಾನೇ, ಯಾರನ್ನು ಬೈಯಲಿ.

ಹೊಳನಗದ್ದೆಯ ಮನೆಯಲ್ಲಿ ಹಾಕಿ ನೋಡಿದಾಗ ಕಮಲಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ನಮ್ಮ ಮದ್ವೆ ದಿನವೂ ನೀವು ಇಷ್ಟು ಚಂದ ಕಂಡಿರ್ಲಿಲ್ಲ” ಎಂದಳು. ಸಿ.ಡಿ. ಇಲ್ಲದೆಯೇ ಹೆಂಡತಿಯ ಬಾಯಿಗೆ ತಡೆಯಿರಲಿಲ್ಲ, ಈಗ ಅದೂ ಸಿಕ್ಕಿತು.

ತಪ್ಪೇನಾದರೂ ಇದೆಯೇ ಎಂದು ಎರಡನೇ ಸಲ ಪೂರ್ತಿ ನೋಡಿದೆ. ಇಲ್ಲ.

೨೪ ಜುಲೈ, ಸೋಮವಾರ

ಉಲ್ಟಾ ಕ್ಲಾಸಿನ ಉದ್ಘಾಟನೆ. ಪಾಠವಿಲ್ಲ, ಬೋರ್ಡಿಲ್ಲ. ನಾಲ್ಕು ನಾಲ್ಕು ಜನ ಗುಂಪು ಕೂತು ಮಾತಾಡುತ್ತ ಲೆಕ್ಕ ಮಾಡುವುದು. ದೋಣಿ ಬಂದ ಹೊತ್ತಿನ ಮೀನುಪೇಟೆಯೂ ಇದಕ್ಕಿಂತ ಶಾಂತ. ಟಿ.ವಿ. ಇಲ್ಲದ ಹನ್ನೊಂದು ಹುಡುಗರಿಗೆ ಸುಪ್ರಿಯಾ ಸಂಜೆ ಫಿಸಿಕ್ಸ್ ಲ್ಯಾಬಿನಲ್ಲಿ ಸಿ.ಡಿ. ಹಾಕಿ ತೋರಿಸುತ್ತಾಳಂತೆ, ಆಮೇಲೆ ಕೊನೆಯ ಬಸ್ಸಿಗೆ ಭಟ್ಕಳಕ್ಕೆ ಹೋಗುತ್ತಾಳಂತೆ. ಕುಣಿಯುವವಳೂ ಅವಳೇ, ಮದ್ದಳೆಯೂ ಅವಳದೇ.

ಮೂರನೇ ಬೆಂಚಿನಲ್ಲಿ ಕೂರುವ ಒಬ್ಬ ಹುಡುಗಿ, ಕಾಸರಕೋಡಿನ ಮೀನುಗಾರರ ಪೈಕಿ, ಹೇಳಿದಳು. ಅವರ ಮನೆಯಲ್ಲಿ ಸಿ.ಡಿ. ಹಾಕಿದಾಗ ಶಹನಾಯಿ ಕೇಳಿ ಇಡೀ ಕೇರಿಯೇ ಬಂದು ಕೂತಿತಂತೆ. ಅರ್ಧ ತಾಸಾದ ಮೇಲೆ ಅವಳ ಅಜ್ಜಿ, “ಮದ್ಮಗಳು ಯಾವಾಗ ಬರೂದು?” ಎಂದು ಕೇಳಿದಳಂತೆ. ಎಲ್ಲರೂ ನಕ್ಕರು. ನಾನು ಕುರ್ಚಿಯಲ್ಲಿ ಕೂತು ಪೇಪರ್ ಓದಿದೆ.

೨ ಆಗಸ್ಟ್, ಬುಧವಾರ

ಕುರ್ಚಿಯಲ್ಲಿ ಕೂರಬಾರದಂತೆ. ಪ್ರಿನ್ಸಿಪಾಲರ ಆಜ್ಞೆ. ಓಡಾಡಿದೆ.

ಓಡಾಡಿದರೆ ಕಾಣುವುದೇನು? ಬೀರಪ್ಪ ಎಂಬ ಹುಡುಗನಿಗೆ ಭಿನ್ನರಾಶಿ ಕೂಡಿಸಲು ಬರುವುದಿಲ್ಲ. ಬಿ.ಎಸ್ಸಿ. ಎರಡನೇ ವರ್ಷ! ಒಂದು ವರ್ಷ ನನ್ನ ಮುಂದೆ ಕೂತು ನನ್ನ ನೋಟ್ಸನ್ನು ಮುತ್ತಿನಂತೆ ಬರೆದುಕೊಂಡವನು. ಹೇಗೆ ಪಾಸಾದೆ ಎಂದರೆ, “ಬಾಯಿಪಾಠ ಸರ್. ಎಲ್ಲಾ ನಿಮ್ದೇ” ಎನ್ನುತ್ತಾನೆ. ಇಷ್ಟು ದಡ್ಡರಿಗೆ ಇಷ್ಟು ವರ್ಷ ಪಾಠ ಹೇಳಿದೆನೆಂದು ನನಗೇ ಗೊತ್ತಿರಲಿಲ್ಲ. ಅವನ ಪಕ್ಕ ಬಗ್ಗಿ ನಿಂತು, ಒಂದು ರೊಟ್ಟಿಯನ್ನು ಮೂರು ಮಾಡು, ನಾಲ್ಕು ಮಾಡು ಎಂದು ಮುಕ್ಕಾಲು ತಾಸು ಹೇಳಿಕೊಟ್ಟೆ. ಕೊನೆಗೆ ಬಂತು. ಬಂದಾಗ ಅವನು ನನ್ನನ್ನು ನೋಡಿದ ರೀತಿ ನೋಡಿದರೆ ಭಿನ್ನರಾಶಿಯನ್ನು ನಾನೇ ಕಂಡುಹಿಡಿದ ಹಾಗಿತ್ತು.

ಬೆನ್ನು ನೋಯುತ್ತಿದೆ. ಹೋಟೆಲ್ ಮಾಣಿಗಳಿಗೆ ಇನ್ನೆಷ್ಟು ನೋಯಬೇಡ.

೧೪ ಆಗಸ್ಟ್, ಸೋಮವಾರ

ಆ ಮೂರನೇ ಬೆಂಚಿನ ಹುಡುಗಿ. ಸುಶ್ಮಿತಾ ಖಾರ್ವಿ ಎಂದು ಹೆಸರು.

“ಸರ್, ನಲವತ್ತೇಳನೇ ಲೆಕ್ಕ,” ಎಂದು ಎದ್ದು ನಿಂತಳು. “ನಮ್ಮನೆ ಸಿ.ಡಿ. ಗೀರು ಬಿದ್ದು ಅಲ್ಲೇ ನಿಂತೋಯ್ತು. ಉತ್ತರ ಮೈನಸ್ ಎರಡು ಅಂತ ಸ್ಕ್ರೀನ್ ಮೇಲೇ ಇತ್ತು. ಕೆಲ್ಸ ಇರ್ಲಿಲ್ಲ, ಹಂಗೇ ಅದ್ರ ಗ್ರಾಫಿನ ಗೆರೆ ಬರ್ದು ನೋಡ್ದೆ. ಗೆರೆ ಪೂರಾ ಮೇಲ್ಗಡೆಗೇ ಅದೆ ಸರ್. ಮೇಲಿದ್ದ ಜಾಗದ ವಿಸ್ತೀರ್ಣ ಮೈನಸ್ ಹೆಂಗೆ ಆಗ್ತದೆ?”

“ಮತ್ತೆ ಎಷ್ಟಾಗಬೇಕಿತ್ತು?”

“ನಡೂಗೆ ಸೊನ್ನೆ ಹತ್ರ ಗೆರೆ ಆಕಾಶಕ್ಕೇ ಹೋಗ್ತದೆ ಸರ್, ಮುಗಿಯೂದೇ ಇಲ್ಲ. ಅದ್ಕೆ ಉತ್ತರ ಇಲ್ಲ ಅಂತ ನಂಗೆ ಕಾಣ್ತದೆ.”

ಬಿಟ್ಟರೆ ನಾಳೆ ನನಗೆ ಪಾಠ ಹೇಳಲು ಬರುತ್ತಾಳೆ. “ಉತ್ತರ ಇಲ್ಲ ಎಂದು ಬರೆದವನೊಬ್ಬ ಈಗ ಕುಮಟಾ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಾನೆ. ನೀನೂ ಹೋಗುತ್ತೀಯಾ? ಕೂತುಕೋ, ಹೇಳಿದ್ದನ್ನು ಬರೆದುಕೋ” ಎಂದೆ. ಕ್ಲಾಸು ನಕ್ಕಿತು. ಸುಪ್ರಿಯಾ ಬಾಗಿಲ ಹತ್ತಿರ ನಿಂತಿದ್ದಳು, ಅವಳು ನಗಲಿಲ್ಲ.

ಇದೇ ಈ ಉಲ್ಟಾ ಪದ್ಧತಿಯ ಫಲ. ಮನೆಯಲ್ಲಿ ನಿಲ್ಲಿಸಿ ನೋಡುತ್ತಾರೆ. ನಾನು ಬೋರ್ಡಿನ ಮೇಲೆ ಬರೆದು ಒರೆಸುತ್ತಿದ್ದಾಗ ಯಾರಿಗೂ ಇಂಥ ಪ್ರಶ್ನೆ ಬರುತ್ತಿರಲಿಲ್ಲ.

೧೫ ಆಗಸ್ಟ್, ಮಂಗಳವಾರ

ಧ್ವಜಾರೋಹಣ, ಭಾಷಣ, ಲಾಡು. ಮಧ್ಯಾಹ್ನ ಮನೆಗೆ ಬಂದು ಕಾರ್ಯಕ್ರಮದ ಕಾರ್ಡಿನ ಹಿಂದೆ ನಲವತ್ತೇಳರ ಗೆರೆ ಎಳೆದೆ.

ಪೂರಾ ಮೇಲ್ಗಡೆಗೇ ಇದೆ.

೧೬ ಆಗಸ್ಟ್, ಬುಧವಾರ

ಖಾಕಿ ನೋಟ್ಸು ತೆಗೆದು ನೋಡಿದೆ. ಧಾರವಾಡದಲ್ಲಿ ಓದುವಾಗ ಗೆಳೆಯನ ನೋಟ್ಸಿನಿಂದ ಇಳಿಸಿಕೊಂಡದ್ದು. ಇಪ್ಪತ್ಮೂರು ವರ್ಷದಲ್ಲಿ ಆ ಗೆರೆಯನ್ನು ಒಮ್ಮೆಯೂ ಎಳೆದಿಲ್ಲ. ಎಳೆಯುವ ಅಗತ್ಯವೇ ಬಿದ್ದಿರಲಿಲ್ಲ, ಉತ್ತರ ಗೊತ್ತಿತ್ತಲ್ಲ.

ಸಣ್ಣ ವಿಷಯ. ಊಟ ರುಚಿಸಲಿಲ್ಲ, ಕಮಲಿ ಹುಳಿಗೆ ಉಪ್ಪು ಮರೆತಿರಬೇಕು. ಹೇಳಿದ್ದಕ್ಕೆ ಜಗಳವೂ ಆಯಿತು.

೨೧ ಆಗಸ್ಟ್, ಸೋಮವಾರ

ಮೊನ್ನೆ ಗುರುವಾರ ದೇವರಾಜನ ಸ್ಟುಡಿಯೋಕ್ಕೆ ಹೋಗಿದ್ದೆ. ಒಂದು ಕಡೆ ಸ್ವಲ್ಪ ಸರಿ ಮಾಡಬೇಕು ಎಂದೆ. ಯಾಕೆಂದು ಹೇಳಲಿಲ್ಲ. ಅವನು ಕೇಳಲೂ ಇಲ್ಲ, ಮದುವೆ ವಿಡಿಯೋದವರಿಗೆ ಇಂಥದ್ದು ಹೊಸತಲ್ಲ. “ಜಗಳ ಮಾಡ್ಕಂಡ ಮಾವನ್ನ ಅಳಿಸಿ ಅಂತ ಬರ್ತ್ರು ಸರ್. ಮತ್ತೆ ಶೂಟಿಂಗ್ ಎಂತಕ್ಕೆ? ಆ ಉತ್ತರದ ಮೇಲೆ ಗುಲಾಬಿ ಬೀಳಿಸ್ತೆ. ಯಾರಿಗೂ ಕಾಣೂದಿಲ್ಲ” ಎಂದ.

ಆತು ಎಂದೆ. ಇವತ್ತು, ಹಳೆಯ ಸಿ.ಡಿ.ಗಳಲ್ಲಿ ಗೀರು ಬಿದ್ದಿದೆಯೆಂದು ಎಲ್ಲರಿಂದ ವಾಪಸು ಪಡೆದು ಹೊಸತು ಹಂಚಿದ್ದಾಯಿತು. ಹುಡುಗರ ನೋಟ್ಸಿನಲ್ಲಿ ಇದ್ದದ್ದು ಇದ್ದೇ ಇದೆ, ಅದಕ್ಕೇನು ಮಾಡಲಾಗುತ್ತದೆ. ಸುಶ್ಮಿತಾ ಎರಡೂ ಕೈಯಲ್ಲಿ ಸಿ.ಡಿ. ತೆಗೆದುಕೊಂಡು “ಥ್ಯಾಂಕ್ಯೂ ಸರ್” ಅಂದಳು. ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು.

೧೧ ಸೆಪ್ಟೆಂಬರ್, ಸೋಮವಾರ

ಟೆಸ್ಟು. ಪ್ರಶ್ನೆಪತ್ರಿಕೆ ಸುಪ್ರಿಯಾಳದು. ನೋಟ್ಸಿನಿಂದಲೇ ಆರಿಸಿ ನಲವತ್ತೇಳನ್ನೂ ಹಾಕಿದ್ದಾಳೆ. ಬೇಕೆಂದೇ ಹಾಕಿದಳೋ ಏನೋ, ಕೇಳುವ ಧೈರ್ಯ ನನಗಿಲ್ಲ.

ಮೂವತ್ನಾಲ್ಕು ಪೇಪರು. ಮೂವತ್ನಾಲ್ಕರಲ್ಲೂ ಮೈನಸ್ ಎರಡು.

ಸುಶ್ಮಿತಾಳ ಪೇಪರಿನಲ್ಲೂ ಅದೇ. ಅವಳು ಮೊದಲು ಗೆರೆ ಎಳೆದಿದ್ದಾಳೆ, ಚೆನ್ನಾಗಿ, ನಡುವೆ ಸೊನ್ನೆಯ ಹತ್ತಿರ ಮೇಲೇರಿ ಹೋಗುವ ಹಾಗೆ. ಆಮೇಲೆ ಅದರ ಮೇಲೆ ಅಡ್ಡ ಗೀಟು ಹಾಕಿ, ಕೆಳಗೆ ನನ್ನ ನೋಟ್ಸಿನ ಐದು ಸಾಲು ಬರೆದು, ಉತ್ತರ ಮೈನಸ್ ಎರಡು.

ಅವಳಿಗೆ ಹತ್ತಕ್ಕೆ ಹತ್ತು ಕೊಡಬೇಕು. ನನ್ನ ಲೆಕ್ಕದ ಪ್ರಕಾರ ಸರಿ ಇದೆ.

೧೨ ಸೆಪ್ಟೆಂಬರ್, ಮಂಗಳವಾರ

ಸುಶ್ಮಿತಾಳನ್ನು ವರಾಂಡದಲ್ಲಿ ನಿಲ್ಲಿಸಿ ಕೇಳಿದೆ. “ಗೆರೆ ಯಾಕೆ ಹೊಡೆದುಹಾಕಿದೆ?”

“ತಪ್ಪಾಗಿತ್ತು ಸರ್.”

“ಯಾರು ಹೇಳಿದರು ತಪ್ಪೆಂದು?”

ಅವಳು ಕಾಲಿನ ಬೆರಳು ನೋಡಿದಳು. “ನೀವು ಹೇಳಿದ್ರಲ್ಲ ಸರ್. ನಾನು ಮನೇಲಿ ನಾಕೈದು ಸಲ ಮಾಡ್ದೆ. ಪ್ರತಿ ಸಲನೂ ಉತ್ತರ ಇಲ್ಲ ಅಂತ್ಲೇ ಬಂತು. ನಂಗೆ ತಲೆಗೆ ಹೋಗೂದಿಲ್ಲ ಸರ್ ಗಣಿತ. ಬರೂ ವರ್ಷ ಬಿಟ್ಬಿಡ್ತೆ ಅಂತ ಮಾಡಿದೆ.”

ಏನಾದರೂ ಹೇಳಬಹುದಿತ್ತು. ಬೆಲ್ ಹೊಡೆಯಿತು. ಬೆಲ್ ಹೊಡೆದದ್ದು ಒಳ್ಳೆಯದೇ ಆಯಿತು ಎಂದುಕೊಂಡು ಹೋದೆ. ನನ್ನಂಥ ಹೇಡಿಯನ್ನು ನಾನು ನೋಡಿಲ್ಲ.

೧೪ ಸೆಪ್ಟೆಂಬರ್, ಗುರುವಾರ

ಸಂಜೆ ಬಸ್ಸು ಕರ್ಕಿ ದಾಟುವಷ್ಟರಲ್ಲಿ ಅರ್ಧ ಖಾಲಿಯಾಯಿತು. ವೆಂಕಟ ಟಿಕೆಟು ಕೊಟ್ಟು ಹಿಂದೆ ಹೋಗುವವನಿದ್ದ. “ಸ್ವಲ್ಪ ಕೂತುಕೋ ಮಾರಾಯ” ಎಂದೆ. ಕೂತ.

“ಎಂಬತ್ತೊಂಬತ್ತರಲ್ಲಿ ನೀನು ಒಂದು ಲೆಕ್ಕಕ್ಕೆ ಉತ್ತರ ಇಲ್ಲ ಎಂದು ಬರೆದಿದ್ದೆ. ನೆನಪುಂಟಾ?”

“ಎಕ್ಸ್ ವರ್ಗದ ಮೇಲೆ ಒಂದು,” ಎಂದ ತಕ್ಷಣ. “ಮೈನಸ್ ಒಂದರಿಂದ ಒಂದರ ತನಕ.” ಅದೇ ನಲವತ್ತೇಳು.

“ಅದಕ್ಕೆ ಉತ್ತರ ಇಲ್ಲ. ನೀನು ಬರೆದದ್ದು ಸರಿ. ನನ್ನದು ತಪ್ಪು.”

ಅವನು ಸಿಟ್ಟಾಗುತ್ತಾನೆ ಅಥವಾ ನಕ್ಕುಬಿಡುತ್ತಾನೆ ಎಂದು ಕಾದೆ. ಅವನು ಚೀಲದೊಳಗಿನ ಟಿಕೆಟ್ ಕಟ್ಟನ್ನು ಸರಿಮಾಡಿಕೊಂಡ.

“ಸರಿ ಅಂತ ಆವತ್ತು ಗೊತ್ತಿತ್ತು ಸರ್. ಆದ್ರೆ ನೀವು ತಪ್ಪು ಅಂದ್ರಿ, ಎಲ್ಲಾ ನಗ್ಯಾಡಿದ್ರು. ಆಮೇಲೆ ಎಂತ ಆತು ಅಂದ್ರೆ, ಬೇರೆ ಲೆಕ್ಕ ಸರಿ ಬಂದ್ರೂ ನಂಬೂಕೆ ಆಗ್ಲಿಲ್ಲ. ಸರಿ ಕಂಡದ್ದೇ ತಪ್ಪು ಇರ್ಬೋದು ಅಂತ ಆಯ್ತು. ಹಂಗಾಗಿ ಬಿಟ್ಟೆ.”

“ನನಗೆ ಗೊತ್ತಿರಲಿಲ್ಲ ವೆಂಕಟ.”

“ಇರ್ಲಿ ಸರ್. ನಿಮ್ಮ ಹುಡ್ರು ಇದೇ ಬಸ್ಸಿಗೆ ಬರ್ತ್ರು, ನಂಗೆ ಎಲ್ಲಾ ಕೇಳ್ತದೆ. ಟಿಕೆಟ್ ಹರಿಯೂ ಕಥೆನೂ ಕೇಳಿದ್ದೆ.” ಅಷ್ಟು ಹೇಳಿ ಎದ್ದು, ಯಾರೋ ಹತ್ತುವವರಿಗಾಗಿ ಸೀಟಿ ಊದಿದ.

ಹದಿನೇಳು ವರ್ಷ ಅವನು ನನಗೆ ಸೀಟು ಬಿಡಿಸಿಕೊಟ್ಟಿದ್ದಾನೆ. ನಾನು ಅವನನ್ನು ಮಾರಿ ನಗೆ ಸಂಪಾದಿಸಿದ್ದೇನೆ. ನಾಚಿಕೆಯಾಗುತ್ತಿದೆ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

೨೦ ಸೆಪ್ಟೆಂಬರ್, ಬುಧವಾರ

ನ್ಯಾಕ್ ತಂಡ ಬಂತು. ಮೂವರು. ಒಬ್ಬರಿಗೆ ಹಾರ ದೊಡ್ಡದಾಗಿತ್ತು, ಒಬ್ಬರಿಗೆ ನಿದ್ದೆ, ಇನ್ನೊಬ್ಬರು ಹೋದಲ್ಲೆಲ್ಲ ಕಂಪ್ಯೂಟರ್ ಎಷ್ಟು ಎಂದು ಕೇಳುವವರು. ನಮ್ಮ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪ್ರಿನ್ಸಿಪಾಲರು ಬಾಗಿಲಲ್ಲಿ ನಿಂತು ನನಗೆ ನಗಲು ಸನ್ನೆ ಮಾಡುತ್ತಿದ್ದರು. ದೇವರಾಜನ ಸಹವಾಸ ಇವರಿಗೂ ಆಗಿರಬೇಕು.

ಟಿ.ವಿ.ಯಲ್ಲಿ ನಲವತ್ತೇಳನ್ನು ಹಾಕಿಸಿದೆ. ಗುಲಾಬಿ ಬಿದ್ದವು. ಅಲ್ಲೇ ನಿಲ್ಲಿಸಿದೆ.

“ಈ ಹೂವಿನ ಕೆಳಗೆ ಮೈನಸ್ ಎರಡು ಇದೆ,” ಎಂದೆ. “ನಾನು ಬರೆದದ್ದು. ತಪ್ಪು. ಇಪ್ಪತ್ಮೂರು ವರ್ಷ ಇದನ್ನೇ ಹೇಳಿದ್ದೇನೆ. ಸುಶ್ಮಿತಾ ಕಂಡುಹಿಡಿದಳು, ನಾನು ಗದರಿಸಿ ಕೂರಿಸಿದೆ. ಆಮೇಲೆ ದೇವರಾಜನಿಗೆ ಹೇಳಿ ಹೂ ಹಾಕಿಸಿದೆ. ಅವಳಿಗಿಂತ ಮುಂಚೆ ಇದಕ್ಕೆ ಉತ್ತರ ಇಲ್ಲ ಎಂದು ಸರಿಯಾಗಿ ಬರೆದವನು ಕುಮಟಾ ಬಸ್ಸಿನ ವೆಂಕಟ. ಟಿಕೆಟಿನ ಕಥೆ ಹೇಳಿ ನಿಮ್ಮನ್ನು ನಗಿಸಿದ್ದೆ. ಆ ನಗೆ ವಾಪಸು ಕೊಡಿ.”

ಪ್ರಿನ್ಸಿಪಾಲರ ಮುಖ ಬಾಡಿತು. ಸುಶ್ಮಿತಾಳ ಕೈಗೆ ಸೀಮೆಸುಣ್ಣ ಕೊಟ್ಟು ಅವಳ ಜಾಗದಲ್ಲಿ ನಾನು ಕೂತೆ. ಬೀರಪ್ಪ ಸರಿದು ಜಾಗ ಮಾಡಿಕೊಟ್ಟ. ಅವಳು ಮೊದಲು ಗೆರೆ ಎಳೆದಳು. ಆಮೇಲೆ ಸೊನ್ನೆಯ ಎಡಕ್ಕೆ ಒಂದು ಭಾಗ, ಬಲಕ್ಕೆ ಒಂದು ಭಾಗ ಮಾಡಿದಳು. ಕೊನೆಯ ಸಾಲನ್ನು ದೊಡ್ಡ ಅಕ್ಷರದಲ್ಲಿ ಬರೆದಳು, ‘ಉತ್ತರ ಇಲ್ಲ’. ನಿದ್ದೆ ಮಾಡುತ್ತಿದ್ದವರು ಎದ್ದು “ಬೋರ್ಡು ಸ್ವಲ್ಪ ಎತ್ತರದಲ್ಲಿದೆ” ಎಂಬ ಅಮೂಲ್ಯ ಸಲಹೆ ಕೊಟ್ಟರು.

ಮೂರನೇ ಬೆಂಚಿನಿಂದ ಬೋರ್ಡು ಸರಿಯಾಗಿ ಕಾಣುವುದೇ ಇಲ್ಲ, ಕಿಟಕಿಯ ಬೆಳಕು ಹೊಡೆಯುತ್ತದೆ. ಇಷ್ಟು ವರ್ಷ ಒಬ್ಬನಾದರೂ ಹೇಳಬೇಡವೇ? ಪ್ಯೂನ್ ಶನಿಯಾರನಿಗೆ ಪರದೆ ಕಟ್ಟಲು ಹೇಳಿದ್ದೇನೆ.

ಸಂಜೆ ಬಸ್ಸಿನಲ್ಲಿ ವೆಂಕಟ ಯಾರನ್ನೂ ಎಬ್ಬಿಸುವ ಮೊದಲೇ ಕಂಬಿ ಹಿಡಿದು ನಿಂತುಕೊಂಡೆ. ಕುಮಟಾ ಬಂದಾಗ ಟಿಕೆಟಿನ ಹಿಂದೆ ಕೆಂಪು ಪೆನ್ನಿನಿಂದ ಹತ್ತಕ್ಕೆ ಹತ್ತು ಎಂದು ಬರೆದು, ಸಹಿ ಹಾಕಿ, ಅವನಿಗೆ ಕೊಟ್ಟೆ. ತಿರುಗಿಸಿ ನೋಡಿದ. “ಇಳಿಯೂ ತನಕ ನೀವೇ ಇಟ್ಗಳ್ಳಿ ಸರ್. ಚೆಕಿಂಗ್ನವ್ರು ಬಂದ್ರೆ ನಂಗೇ ತೊಂದ್ರೆ” ಎಂದು ವಾಪಸು ಕೊಟ್ಟ. ಇಳಿದೆ. ಮೆಟ್ಟಿಲ ಮೇಲಿಂದ ಅವನ ಕೈ ಚಾಚಿಕೊಂಡಿತು. ಕೊಟ್ಟೆ. ಅಂಗಿಯ ಕಿಸೆಯಲ್ಲಿಟ್ಟು ಸೀಟಿ ಊದಿದ.

೪ ಜುಲೈ ೨೦೦೭, ಬುಧವಾರ

ಹೊಸ ಬ್ಯಾಚು. ಹೊಸ ದಡ್ಡರು. ಒಬ್ಬಳಿಗಂತೂ ಒಂಬತ್ತರ ಮಗ್ಗಿಯೂ ಬರುವುದಿಲ್ಲ, ನಾಗಿ ಎಂದು ಹೆಸರು, ಕಿಟಕಿಯ ಪಕ್ಕ ಕೂರುತ್ತಾಳೆ. ಅವಳಿಗೆ ನಾಳೆಯಿಂದ ಊಟದ ಬಿಡುವಿನಲ್ಲಿ ಬರಲು ಹೇಳಿದ್ದೇನೆ. ಕಾಲೇಜಿಗೆ ಯಾವ ಗ್ರೇಡ್ ಬಂತೆಂದು ಇಲ್ಲಿ ಬರೆಯಲು ಮರೆತಿದ್ದೆ, ಈಗ ನೆನಪಾಗುತ್ತಲೂ ಇಲ್ಲ. ಸುಶ್ಮಿತಾ ಮೂರನೇ ವರ್ಷಕ್ಕೆ ಗಣಿತವನ್ನೇ ತೆಗೆದುಕೊಂಡಿದ್ದಾಳೆ. ದಿನಕ್ಕೆ ಮೂರು ಪ್ರಶ್ನೆ ಕೇಳಿ ತಲೆ ತಿನ್ನುತ್ತಾಳೆ.

ಈ ಉಲ್ಟಾ ಪದ್ಧತಿ ಮೂರ್ಖರ ಪದ್ಧತಿ ಎಂಬ ನನ್ನ ಅಭಿಪ್ರಾಯದಲ್ಲಿ ಬದಲಾವಣೆಯಿಲ್ಲ. ಮೂರು ಜೊತೆ ಚಪ್ಪಲಿ ಸವೆದವು.

ಸುಪ್ರಿಯಾ ಮೇಡಂ ಬಂದು, “ಸರ್, ನಲವತ್ತೇಳನ್ನು ಸರಿ ಮಾಡಿ ಹೊಸ ಸಿ.ಡಿ. ಮಾಡಿಸೋಣವೇ? ದೇವರಾಜ ಹೊರಗೆ ಬಂದು ಕೂತಿದ್ದಾನೆ” ಎಂದು ಕೇಳಿದರು.

“ಬೇಡ ಮೇಡಂ,” ಎಂದೆ. “ತಪ್ಪು ಇರಲಿ. ಕಂಡುಹಿಡಿಯದವರಿಗೆ ಸೊನ್ನೆ. ಗುಲಾಬಿ ಮಾತ್ರ ತೆಗೆಯಲು ಹೇಳಿ.”